ಪಂಚಮಿಯ ದಿನ ಇಟ್ಟ ತವೆ

ಜೋಳದ ರೊಟ್ಟಿ ಬಡಿಯುವುದು ಅಪಾಯಕಾರಿ ಮತ್ತು ಅಸಹ್ಯಕರ ವ್ಯಾಪಾರ. ಇದು ನನ್ನ ಮಾತಲ್ಲ, ಸರ್ಕಾರದ ಮಾತು. ನಾವು ಹೈದರಾಬಾದಿನಲ್ಲಿ ಕೋಠಿ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದಾಗ ಲೈಸೆನ್ಸ್ ಅರ್ಜಿಯ ನೆತ್ತಿಯ ಮೇಲೆ ಹಾಗಂತ ಅಚ್ಚಾಗಿತ್ತು. ಕೆಳಗಿನ ಪಟ್ಟಿಯಲ್ಲಿ ಪಟಾಕಿ ಮಾಡುವವರು, ಚರ್ಮ ಹದ ಮಾಡುವವರು, ಎಲುಬು ಕುದಿಸುವವರು. ಅವರ ದುಡಿಮೆಯನ್ನು ಅಸಹ್ಯ ಅನ್ನಲು ಇವರ್ಯಾರು ಎಂದು ಆಗ ನನಗೆ ಹೊಳೆಯಲಿಲ್ಲ. ನನ್ನ ವೈನಿಯನ್ನು ಆ ಸಾಲಿನಲ್ಲಿ ನಿಲ್ಲಿಸಿದರಲ್ಲ ಎಂದಷ್ಟೇ ಮೈಯೆಲ್ಲ ಉರಿಯಿತು. ಆದರೂ ಆ ಅರ್ಜಿ ತಂದವಳು ನಾನೇ, ತುಂಬಿದವಳೂ ನಾನೇ. ಇಷ್ಟು ವರ್ಷವಾದರೂ ಇಳಿಯದ ಈ ಸಿಟ್ಟು ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನಮ್ಮ ಕಡೆ ಹಾಗೇ ಕರೆಯುವುದು. ಅಣ್ಣ, ವೈನಿ, ನಾನು, ಮೂವರೇ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಣ್ಣ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನಾನು ರಾಜ್ಯ ಸರ್ಕಾರದ ಆಫೀಸೊಂದರಲ್ಲಿ ಗುಮಾಸ್ತೆ, ಮದುವೆಯಾಗದೆ ಉಳಿದವಳು. ಒಂದು ಬೆಳಿಗ್ಗೆ ಅಣ್ಣ ಡ್ಯೂಟಿಗೆ ಹೊರಟು ಬಸ್‌ಸ್ಟಾಪಿನಲ್ಲೇ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಹದಿಮೂರನೆಯ ದಿನ ಮುಗಿಯುತ್ತಿದ್ದಂತೆ ವೈನಿಯ ಇಬ್ಬರು ಅಣ್ಣಂದಿರು ಬಂದು, ನಡಿ ತಂಗಿ ಊರಿಗೆ, ಅಂದರು. ವೈನಿ ಹೋಗಲಿಲ್ಲ.

"ಅಣ್ಣನ ಮನಿಗೆ ಹಬ್ಬಕ್ಕ ಹೋಗಬೇಕು, ಹೊಟ್ಟಿಗೆ ಅಲ್ಲ" ಅಂದಳು ನನ್ನ ಹತ್ತಿರ. "ನಿನ್ನ ಪಗಾರದ ಮ್ಯಾಲೂ ಕುಂತು ಉಣ್ಣಾಂಗಿಲ್ಲ ನಾ. ರೊಟ್ಟಿ ಬಡಿಯಾಕ ಬರತೈತಿ. ಅಷ್ಟು ಸಾಕು."

ಅವಳ ರೊಟ್ಟಿ ತಿಂದವರಿಗೆ ಮಾತ್ರ ಗೊತ್ತು. ಕುದಿಯುವ ಎಸರಿಗೆ ಹಿಟ್ಟು ಹಾಕಿ ನಾದಿ, ಬಲಗೈಯಿಂದ ಬಡಿಯುತ್ತ ಎಡಗೈಯಿಂದ ತಿರುಗಿಸುತ್ತ, ಅಂಚು ಎಲ್ಲಿಯೂ ಒಡೆಯದಂತೆ ತವೆಯಗಲ ಮಾಡುತ್ತಿದ್ದಳು. ಆ ಕಬ್ಬಿಣದ ತವೆ ಅವಳ ತವರಿನದು, ಮದುವೆಯಲ್ಲಿ ಅವ್ವ ಕೊಟ್ಟದ್ದು. ರಸ್ತೆ ಕಡೆಯ ಕೋಣೆಯಲ್ಲಿ ಒಲೆ ಹೂಡಿದಳು. ಮೊದಮೊದಲು ನಮ್ಮ ಕಡೆಯ ಹುಡುಗರು, ಮೆಡಿಕಲ್ ಓದುವವರು, ಒಂಟಿಯಾಗಿದ್ದ ನೌಕರರು ಬಂದರು. ಆಮೇಲೆ ತೆಲುಗಿನವರೂ ಬಂದು ಕಿಟಕಿಯಲ್ಲಿ ಕೈ ಒಡ್ಡತೊಡಗಿದರು. ವೈನಿಗೆ ತೆಲುಗು ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ಎಷ್ಟು ಬೇಕು ಅನ್ನಲು "ಎನ್ನಿ?" ಅಂತ ಕೇಳುವುದನ್ನು ಕಲಿತಳು, ಬೆರಳು ತೋರಿಸಿದಷ್ಟು ಕೊಡುತ್ತಿದ್ದಳು. ಗಂಡ ಸತ್ತ ಆರು ತಿಂಗಳಿಗೆ ಅವಳ ಮುಖದ ಮೇಲೆ ಮೊದಲ ಸಲ ನಗೆ ಕಂಡದ್ದು ಆ ಕಿಟಕಿಯಲ್ಲಿ.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ನಮ್ಮ ಗಲ್ಲಿಯಲ್ಲಿ ಮಿರ್ಚಿ ಭಜಿ ಕರಿಯುವವನಿಗೆ ಲೈಸೆನ್ಸು ಇರಲಿಲ್ಲ. ಚಹಾದವನಿಗಿರಲಿಲ್ಲ. ಮೂಲೆಯ ಇಸ್ತ್ರಿಯವನಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಆದರೆ ನಮ್ಮದು ಮೂರು ತಲೆಮಾರಿನಿಂದ ಸರ್ಕಾರಿ ನೌಕರಿ ಮಾಡಿದ ಮನೆ. ನಮ್ಮ ಅಜ್ಜ ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ದಫ್ತರ ಬರೆದವನು. ಕಾಗದ ಪಕ್ಕಾ ಇದ್ದರೆ ದೇವರೂ ಏನೂ ಮಾಡಲಾರ ಎಂದು ನಂಬಿದ ಜನ ನಾವು. ರೇಷನ್ ಕಾರ್ಡಿನ ನಕಲಿಗೂ ನಕಲು ತೆಗೆಸಿ ಟ್ರಂಕಿನಲ್ಲಿಡುವವರು. ಇಂಥ ತಪ್ಪನ್ನು ನಮ್ಮಂಥವರೇ ಮಾಡಬೇಕು, ಬೇರೆಯವರಿಗೆ ಸಾಧ್ಯವಿಲ್ಲ.

ವೈನಿಯ ದೊಡ್ಡಣ್ಣನೂ ಅದಕ್ಕೆ ಗಾಳಿ ಹಾಕಿದ. ಊರಲ್ಲಿ ಯಾರೋ ಅವನಿಗೆ, ನಿನ್ನ ತಂಗಿ ಹೈದರಾಬಾದಿನ ರಸ್ತೆ ಮೇಲೆ ಕುಳಿತು ರೊಟ್ಟಿ ಮಾರುತ್ತಾಳಂತೆ, ಅಂದರಂತೆ. ಬಂದು ನಮ್ಮ ಮನೆಯಲ್ಲಿ ಕೂತು, "ಇದು ಮರ್ಯಾದಿ ಕೆಲಸ ಏನ್ ತಂಗಿ?" ಅಂದ.

ನಾನು ನಡುವೆ ಬಾಯಿ ಹಾಕಿದೆ. "ಲೈಸೆನ್ಸ್ ತಗೊಂಡ ಮ್ಯಾಲೆ ಅದು ವ್ಯಾಪಾರ ಆಗತೈತ್ರಿ. ಸರ್ಕಾರದ ಸಿಕ್ಕಾ ಬಿದ್ದಿದ್ದಕ್ಕ ಯಾರ ಏನ ಅಂತಾರ?"

ಅವನು ಗೋಣು ಹಾಕಿದ. "ಹಂಗಾದ್ರ ಆತು. ಕಾಗದ ಬರಲಿ. ಕಾಗದ ಇದ್ರ ಇರು, ಇಲ್ಲಂದ್ರ ಊರಿಗೆ ನಡಿ." ವೈನಿ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಹೂಂ ಅಂದೆ. ಅವಳ ಬದುಕನ್ನು ಒಂದು ಹಾಳೆಯ ಮೇಲೆ ಇಟ್ಟದ್ದು ಆ ದಿನ.

ಮಾರನೆಯ ದಿನವೇ ಅರ್ಜಿ ಹಾಕಿದೆ. ಪಟ್ಟಿಯಲ್ಲಿ ರೊಟ್ಟಿಗೆ ಸಾಲು ಇರಲಿಲ್ಲ. ಹೋಟೆಲು ಅಂತ ಬರೆಯಲೇ ಎಂದರೆ ಹೋಟೆಲಿಗೆ ಕೈ ತೊಳೆಯುವ ತೊಟ್ಟಿ ಇಷ್ಟು, ಮೇಜು ಇಷ್ಟು. ಬೇಕರಿ ಅಂತ ಬರೆಯಲೇ ಎಂದರೆ ಬೇಕರಿಗೆ ಭಟ್ಟಿ ಬೇಕು, ಭಟ್ಟಿಯ ನಕಾಶೆ ಬೇಕು. ಮುನ್ಸಿಪಾಲಿಟಿಯ ಲೈಸೆನ್ಸ್ ವಿಭಾಗದ ಗುಮಾಸ್ತ ನನ್ನ ವಯಸ್ಸಿನವನೇ. ಹಣೆಯ ಮೇಲೆ ದೊಡ್ಡ ಕುಂಕುಮ, ಕಿವಿಯಲ್ಲಿ ಸಿಕ್ಕಿಸಿದ ಪೆನ್ನು. ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ, "ಏದೋ ಒಕಟಿ ರಾಯಂಡಮ್ಮ" ಅಂದ. ಏನೋ ಒಂದು ಬರೀರಮ್ಮ. ನಾನು ಬರೆಯಲಿಲ್ಲ. ಇದ್ದದ್ದನ್ನು ಇದ್ದಂತೆ, ಮನೆಯ ಮುಂದಿನ ಕೋಣೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವುದು, ಅಂತ ಬರೆದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆ ಗಾದೆ ಮಾಡಿದವನು ಖಂಡಿತ ಎಲ್ಲೋ ಅರ್ಜಿ ಹಾಕಿದವನೇ ಇರಬೇಕು.

ಹದಿನಾಲ್ಕು ತಿಂಗಳು. ಮೊದಲು ಮನೆ ಮಾಲೀಕರ ಒಪ್ಪಿಗೆ ಕೇಳಿದರು, ಕೊಟ್ಟೆ. ಅಕ್ಕಪಕ್ಕದವರ ಒಪ್ಪಿಗೆ ಕೇಳಿದರು, ಕೊಟ್ಟೆ. ಹೊಗೆ ಹೋಗುವ ದಾರಿಯ ನಕಾಶೆ ಕೇಳಿದರು. ಗ್ಯಾಸಿನ ಒಲೆಗೆ ಎಲ್ಲಿಯ ಹೊಗೆ ಎಂದರೆ, ಕಾಲಮ್ಮು ಇದೆಯಲ್ಲ ಎಂದರು. ನಾನೇ ಸ್ಕೇಲು ಹಿಡಿದು ಇಲ್ಲದ ಹೊಗೆಗೆ ಇಲ್ಲದ ದಾರಿ ಬರೆದುಕೊಟ್ಟೆ. ಆಮೇಲೆ ಅರ್ಜಿಯೇ ಕಾಣೆಯಾಯಿತು. ನಾನು ಟ್ರಂಕಿನಿಂದ ನಕಲು ತೆಗೆದುಕೊಂಡು ಹೋದಾಗ ಗುಮಾಸ್ತನ ಮುಖ ಸಣ್ಣದಾಯಿತು. ಒಳಗಿದ್ದ ಸಾಹೇಬ ಒಮ್ಮೆ ಕರೆದು ಕೂರಿಸಿ, ನೀವೂ ಸರ್ಕಾರಿಯವರು, ನಿಮಗೆ ಬೇರೆ ಹೇಳಬೇಕೇ, ಅಂತ ಮೇಜಿನ ಮೇಲಿನ ಪೇಪರ್‌ವೇಟು ತಿರುಗಿಸಿದ. ಅರ್ಥವಾಗದವಳಂತೆ ಎದ್ದು ಬಂದೆ. ಅವನ ಪೇಪರ್‌ವೇಟು ಇನ್ನೂ ತಿರುಗುತ್ತಿರಲಿ.

ನಿಜ ಹೇಳಬೇಕೆಂದರೆ ನಾನೂ ನನ್ನ ಆಫೀಸಿನಲ್ಲಿ ಜನರನ್ನು ನಾಳೆ ಬನ್ನಿ ಅಂತ ಕಳಿಸಿದವಳೇ. ಒಬ್ಬ ಮುದುಕಿಯನ್ನು ಒಂದು ಸಹಿಗೋಸ್ಕರ ನಾಲ್ಕು ಸಲ ಓಡಾಡಿಸಿದ್ದೇನೆ. ಆ ಹದಿನಾಲ್ಕು ತಿಂಗಳಲ್ಲಿ ಆಕೆ ಎಷ್ಟು ಸಲ ನೆನಪಾದಳೋ ಲೆಕ್ಕವಿಲ್ಲ. ನಾಚಿಕೆಯಾಯಿತು. ಹಾಗಂತ ಇವರ ಮೇಲಿನ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಕಡೆಗೆ ಎಲ್ಲ ಕಾಗದ ಸೇರಿ, ಇನ್ನು ಇನ್‌ಸ್ಪೆಕ್ಟರು ಬಂದು ನೋಡುವುದೊಂದೇ ಬಾಕಿ ಎಂದರು. ಆಗ ಶ್ರಾವಣ ಹತ್ತಿರ ಬಂದಿತ್ತು. ನಾಗರ ಪಂಚಮಿಗೆ ತಂಗಿಯನ್ನು ಕರೆದೊಯ್ಯಲು ದೊಡ್ಡಣ್ಣ ಬಂದ. ಅದು ನಮ್ಮ ಕಡೆಯ ರೂಢಿ. ಪಂಚಮಿಗೆ ಅಣ್ಣ ಬರಬೇಕು, ತಂಗಿ ತವರಿಗೆ ಹೋಗಿ ಜೋಕಾಲಿ ಆಡಬೇಕು.

"ಈ ವರ್ಷ ಬ್ಯಾಡಣ್ಣ" ಅಂದಳು ವೈನಿ. "ಇನ್‌ಸ್ಪೆಕ್ಟರ್ ಯಾವಾಗ ಬರತಾನೋ ಏನೋ. ನಾ ಇಲ್ಲದಾಗ ಬಂದ್ರ ಮತ್ತ ವರ್ಷ ಕಾಯಬೇಕಾಗತೈತಿ."

"ಇನ್ನೂ ಬಂದಿಲ್ಲೇನು ನಿಮ್ಮ ಕಾಗದ?" ಅಂತ ಅವನು ನನ್ನ ಮುಖ ನೋಡಿದ. "ಪಂಚಮಿ ಆಗಿ ಎಂಟು ದಿನಕ್ಕ ಬರತೀನಿ. ಅವತ್ತಿಗೆ ಇಲ್ಲಂದ್ರ ಗಂಟು ಕಟ್ಟಿಡು ತಂಗಿ. ಭಾಳ ಆತು."

ಪಂಚಮಿಯ ಹಿಂದಿನ ದಿನ ವೈನಿ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ರೊಟ್ಟಿ, ಗರಿಗರಿಯಾಗಿ ಒಣಗಿಸಿದ ಕಟಕ್ ರೊಟ್ಟಿ ಎಲ್ಲ ಮಾಡಿ ಗಲ್ಲಿಯ ಮನೆ ಮನೆಗೆ ಹಂಚಿದಳು. ಭಜಿಯವನಿಗೂ ಕೊಟ್ಟಳು. ಮಾರನೆಯ ದಿನ ಒಲೆಯ ಮೇಲೆ ತವೆ ಇಡುವಂತಿಲ್ಲವಲ್ಲ. ಪಂಚಮಿಯ ದಿನ ತವೆ ಕಾದರೆ ನಾಗಪ್ಪನ ಹೆಡೆ ಸುಡುತ್ತದೆ, ಅವನ ಸಿಟ್ಟು ಹೆಣ್ಣುಮಕ್ಕಳ ಅಣ್ಣ ತಮ್ಮಂದಿರಿಗೆ ತಟ್ಟುತ್ತದೆ ಎನ್ನುತ್ತಾರೆ. ಹುರಿಯುವುದಿಲ್ಲ, ಕರಿಯುವುದಿಲ್ಲ. ಕುದಿಸಿದ ಕಡುಬು ಅಷ್ಟೇ. ಅವಳು ತವೆಯನ್ನು ತೊಳೆದು, ಗೋಡೆಗೆ ಆನಿಸಿ, ಕುಂಕುಮ ಹಚ್ಚಿಟ್ಟಿದ್ದಳು. ಕಿಟಕಿ ಮುಚ್ಚಿತ್ತು.

ಇನ್‌ಸ್ಪೆಕ್ಟರು ಬಂದದ್ದು ಆ ದಿನ ಮಧ್ಯಾಹ್ನ. ಹದಿನಾಲ್ಕು ತಿಂಗಳಲ್ಲಿ ಅವನಿಗೆ ಸಿಕ್ಕ ಪುರುಸೊತ್ತು ಅದೊಂದೇ ದಿನ.

ದಪ್ಪ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಹಬ್ಬದ ದಿನ ಬಾಗಿಲಿಗೆ ಬಂದವನನ್ನು ಹಾಗೇ ನಿಲ್ಲಿಸಿ ಗೊತ್ತಿಲ್ಲದ ವೈನಿ ತಟ್ಟೆಯಲ್ಲಿ ಎರಡು ಕಡುಬು ಇಟ್ಟು, ತುಪ್ಪ ಹಾಕಿ ಕೊಟ್ಟಳು. ತಿಂದ. "ಚಾಲಾ ಬಾಗುಂದಿ" ಅಂದ, ಬಹಳ ಚೆನ್ನಾಗಿದೆ ಅಂತ. ಮತ್ತೊಂದು ಹಾಕಿದಳು, ಅದನ್ನೂ ತಿಂದ. ಕೈ ತೊಳೆದು ಫೈಲು ತೆರೆದು ಸುತ್ತ ನೋಡಿದ. ತಣ್ಣಗಿನ ಒಲೆ, ಮುಚ್ಚಿದ ಕಿಟಕಿ, ಖಾಲಿ ಬುಟ್ಟಿ. ಎಲ್ಲಿದೆಯಮ್ಮ ವ್ಯಾಪಾರ, ಎಂದು ತೆಲುಗಿನಲ್ಲಿ ಕೇಳಿದ. ಇವತ್ತು ಹಬ್ಬ, ತವೆ ಇಡುವುದಿಲ್ಲ, ನಾಳೆ ಬನ್ನಿ, ಅಂದೆ. ನಾಳೆ ಬೇರೆ ವಾರ್ಡು ಅಂದ. ಅಕ್ಕಪಕ್ಕದವರನ್ನು ಕೇಳಿ ಅಂದೆ. ನಾನು ಕಣ್ಣಿಂದ ನೋಡಿದ್ದನ್ನೇ ಬರೆಯಬೇಕು ಅಂದ. ಬರೆದ.

ಗುಮಾಸ್ತರಿಗೆಲ್ಲ ಒಂದು ವಿದ್ಯೆ ಬರುತ್ತದೆ, ಎದುರಿನವರ ಫೈಲನ್ನು ತಲೆಕೆಳಗಾಗಿ ಓದುವುದು. ನಾನು ಓದಿದೆ. ಸ್ಥಳದಲ್ಲಿ ಯಾವುದೇ ವ್ಯಾಪಾರ ಕಂಡುಬರಲಿಲ್ಲ, ಅರ್ಜಿಯನ್ನು ಮುಕ್ತಾಯಗೊಳಿಸಬಹುದು.

ನನ್ನ ತಲೆ ಕೆಟ್ಟಿತು. ಗೋಡೆಗೆ ಆನಿಸಿದ್ದ ತವೆಯನ್ನು ಎತ್ತಿಕೊಂಡೆ. ವೈನಿ ಓಡಿಬಂದು ನನ್ನ ಕೈ ಹಿಡಿದಳು.

"ಬ್ಯಾಡ. ಕಾಗದ ಬ್ಯಾಡ, ಏನೂ ಬ್ಯಾಡ. ಅಣ್ಣಂದಿರಿಗೆ ಆಗಬಾರದ್ದು ಆಗತೈತಿ."

"ನಿನಗ ಅಣ್ಣಂದಿರು ಅದಾರ" ಅಂದೆ. "ನನಗ ಯಾರದಾರ?"

ನನಗಿದ್ದ ಒಬ್ಬ ಅಣ್ಣ ಆ ಕೋಣೆಯ ಗೋಡೆಯ ಮೇಲೆಯೇ ಇದ್ದ, ಹಾರ ಹಾಕಿಸಿಕೊಂಡು. ವೈನಿ ಒಮ್ಮೆ ಆ ಕಡೆ ನೋಡಿದಳು. ಕೈ ಬಿಟ್ಟಳು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ನಾನು ತವೆ ಇಟ್ಟೆ. ಹಿಟ್ಟು ನಾದಿದೆ. ನನಗೆ ರೊಟ್ಟಿ ಸರಿಯಾಗಿ ಬರುವುದಿಲ್ಲ. ಆಫೀಸು ಕಂಡ ಕೈಗೆ ಹಿಟ್ಟಿನ ಹದ ಸಿಗುವುದಿಲ್ಲ. ಅಂಚೆಲ್ಲ ಬಿರುಕು ಬಿಟ್ಟಿತು. ಆದರೂ ತವೆಯ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿದಾಗ ಅರ್ಧಂಬರ್ಧ ಉಬ್ಬಿತು. ಅವನ ಮುಂದೆ ಹಿಡಿದೆ. ನೋಡ್ರಿ, ಇದೇ ವ್ಯಾಪಾರ, ಈಗ ಕಣ್ಣಿಂದ ನೋಡಿದಿರಲ್ಲ, ಬರೀರಿ, ಅಂದೆ.

ಅವನು ಗೋಣು ಹಾಕಿ ಮೊದಲು ಬರೆದ ಸಾಲನ್ನು ಹೊಡೆದುಹಾಕಿದ. ಕೆಳಗೆ ಹೊಸದಾಗಿ ಬರೆದ. ನಾನು ಗೆದ್ದೆ ಎಂದುಕೊಂಡು ಬಗ್ಗಿ ಓದಿದೆ. ಲೈಸೆನ್ಸು ಇಲ್ಲದೆ ವ್ಯಾಪಾರ ನಡೆಸುತ್ತಿರುವುದು ಕಣ್ಣಾರೆ ಕಂಡುಬಂದಿದೆ, ಸ್ಥಳಕ್ಕೆ ಸೀಲು ಹಾಕುವುದು.

ಒಲೆ ತಣ್ಣಗಿದ್ದರೆ ವ್ಯಾಪಾರ ಇಲ್ಲ, ಆದ್ದರಿಂದ ಲೈಸೆನ್ಸು ಇಲ್ಲ. ಒಲೆ ಹೊತ್ತಿದರೆ ಲೈಸೆನ್ಸು ಇಲ್ಲ, ಆದ್ದರಿಂದ ವ್ಯಾಪಾರ ಮಾಡುವಂತಿಲ್ಲ. ಇದನ್ನು ಅವನಿಗೆ ತೆಲುಗಿನಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಕಡೆಗೆ ಕನ್ನಡದಲ್ಲಿ ಬೈದೆ. ಅವನಿಗೇನೂ ಕೋಪ ಬರಲಿಲ್ಲ. ರೂಲ್ಸಮ್ಮ, ಎಂದು ಚಪ್ಪಲಿ ಹಾಕಿಕೊಂಡು ಹೋದ. ಅವನ ಮೀಸೆಯಲ್ಲಿ ಇನ್ನೂ ನಮ್ಮ ಕಡುಬಿನ ತುಪ್ಪವಿತ್ತು.

ಮರುದಿನ ಇಬ್ಬರು ಬಂದು ಮುಂದಿನ ಕೋಣೆಯ ಒಳಬಾಗಿಲಿಗೂ ಹೊರಬಾಗಿಲಿಗೂ ಬೀಗ ಹಾಕಿ, ಬಟ್ಟೆ ಸುತ್ತಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಹದಿನಾಲ್ಕು ತಿಂಗಳು ಒಂದು ಸಹಿ ಹಾಕಲಾಗದವರಿಗೆ ಇದಕ್ಕೆ ಒಂದು ರಾತ್ರಿ ಸಾಕಾಯಿತು. ಒಲೆ, ಬುಟ್ಟಿ, ಅಣ್ಣನ ಫೋಟೋ, ಆ ತವೆ, ಎಲ್ಲ ಒಳಗೇ ಉಳಿದವು. ನಾವು ಹಿಂದಿನ ಬಾಗಿಲಿನಿಂದ ಓಡಾಡಿದೆವು. ಎಂಟು ದಿನವೂ ನಾನು ಆಫೀಸಿನಿಂದ ಆಫೀಸಿಗೆ ಅಲೆದೆ, ಮೇಲಿನವರಿಗೆ ದೂರು ಬರೆದೆ. ಭಜಿಯವನು ಎದುರುಗಡೆ ಎಂದಿನಂತೆ ಭಜಿ ಕರಿಯುತ್ತಿದ್ದ. ಅವನ ಹೆಸರಿನಲ್ಲಿ ಅರ್ಜಿಯೇ ಇರಲಿಲ್ಲವಲ್ಲ, ಅವನನ್ನು ಯಾರು ನೋಡಬೇಕು? ಹೇಳಿದ್ದು ಮಾತ್ರ ಸರಿಯಾಗಿಯೇ ಹೇಳಿದ: "ಆಪ್ ಕ್ಯೂಂ ಗಯೇ ಉನ್ ಕೇ ಪಾಸ್, ಬಾಜೀ?" ನೀವು ಅವರ ಹತ್ತಿರ ಯಾಕೆ ಹೋದಿರಕ್ಕ?

ದೊಡ್ಡಣ್ಣ ಹೇಳಿದ ದಿನವೇ ಬಂದ. ರಸ್ತೆಯಿಂದಲೇ ಕೆಂಪು ಅರಗು ಕಂಡಿತು. ಹೋಗಿ ಅಂಗಳದ ಕಲ್ಲಿನ ಮೇಲೆ ಕೂತ. ಅವನು ಕೆಟ್ಟವನಲ್ಲ, ಮಾತಿಗೆ ತಪ್ಪುವವನೂ ಅಲ್ಲ, ಅಷ್ಟೇ. ವೈನಿ ಗಂಟು ಕಟ್ಟಿದ್ದಳು. ಹೊರಡುವಾಗ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು.

"ಅಣ್ಣಂದಿರ ಮನಿ ಚಲೋ ಇರಲಿ ಅಂತ ಅವತ್ತು ತವೆ ಮುಟ್ಟಲಿಲ್ಲ ನಾ. ಇನ್ನ ಅವರ ಮನ್ಯಾಗ ಅವರ ತವೆ ತೊಳಕೋಂತ ಇರಬೇಕು. ಇರಲಿ. ನೀ ನನ್ನ ತವೆ ಹೊರಗ ತಗಿ. ಜಂಗು ಹಿಡೀತೈತಿ."

ಅವಳು ಕೇಳಿದ್ದು ಅದೊಂದೇ. ಅದನ್ನೂ ನಾನು ಮಾಡಲಿಲ್ಲ. ಸರ್ಕಾರದ ಸೀಲು ಒಡೆಯುವುದು ಅಪರಾಧ ಎಂದು ಕಲಿತವಳು ನಾನು. ದೂರಿನ ಉತ್ತರಕ್ಕೆ ಕಾದೆ. ದಸರೆ ಹೋಯಿತು, ಸಂಕ್ರಾಂತಿ ಹೋಯಿತು. ಆ ಬಾಗಿಲ ಮುಂದೆ ದಿನಾ ಹಾದುಹೋದೆ.

ಮಾರ್ಚ್ ಕೊನೆಯಲ್ಲಿ ಅಂಚೆಯವನು ಒಂದು ಲಕೋಟೆ ತಂದ. ಒಳಗೆ ಲೈಸೆನ್ಸು. ನಿಜವಾದದ್ದು, ದುಂಡು ಮುದ್ರೆ ಇದ್ದದ್ದು, ಜೋಳದ ರೊಟ್ಟಿ ಎಂದು ಬರೆದದ್ದು. ನನ್ನ ದೂರು ಮೇಲಿನ ಮಹಡಿಗೆ ಹೋಗಿತ್ತಂತೆ. ಅಲ್ಲಿಯ ಮೇಜಿನವರು ಮಂಜೂರು ಮಾಡಿದ್ದರು. ಕೆಳಗಿನ ಮೇಜಿನವರು ಸೀಲು ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ. ಇವರಿಗೆ ಅದು ಮಂಜೂರಾದದ್ದು ಗೊತ್ತಿರಲಿಲ್ಲ. ಅವಧಿ ಎಂಬಲ್ಲಿ ಮಾರ್ಚ್ ಮೂವತ್ತೊಂದರವರೆಗೆ ಎಂದಿತ್ತು. ಅಂದರೆ ಇನ್ನು ಮೂರು ದಿನ.

ಅದನ್ನು ಹಿಡಿದು ಓಡಿದೆ, ಸೀಲು ತೆಗೆಯಿರಿ ಎಂದೆ. ಸಾಹೇಬರು ರಜೆ, ಸೋಮವಾರ ಬನ್ನಿ, ಎಂದರು. ಸೋಮವಾರ ಏಪ್ರಿಲ್. ಕುಂಕುಮದ ಗುಮಾಸ್ತ ಕಾಗದವನ್ನು ತಿರುಗಿಸಿ ನೋಡಿ ಇದರ ಅವಧಿ ಮುಗಿದಿದೆಯಲ್ಲ, ಚಾಲ್ತಿಯ ಲೈಸೆನ್ಸು ಇದ್ದರೆ ಮಾತ್ರ ಸೀಲು ತೆಗೆಯಬಹುದು, ಅಂದ. ಹೊಸ ಅರ್ಜಿಯ ಹಾಳೆಯನ್ನು ನನ್ನ ಕಡೆ ಸರಿಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ. ಇಲ್ಲಿ ಪೂಜಾರಿಗಳೇ ಇಬ್ಬರು, ದೇವರು ಒಬ್ಬನೂ ಇಲ್ಲ.

ನಾನು ಮನೆಗೆ ಬಂದು, ಚಟ್ನಿ ಅರೆಯುವ ಗುಂಡುಕಲ್ಲು ತೆಗೆದುಕೊಂಡು ಹಾಡಹಗಲೇ ನಾಲ್ಕು ಜನರೆದುರಿಗೆ ಹೊರಬಾಗಿಲ ಅರಗಿನ ಮೇಲೆ ಹೊಡೆದೆ. ಎರಡು ಏಟಿಗೆ ಪುಡಿಯಾಯಿತು. ಬೀಗ ಹಳೆಯದು, ಅದೂ ನಾಲ್ಕು ಏಟಿಗೆ ಬಿಟ್ಟುಕೊಟ್ಟಿತು. ತವೆಗೆ ಜಂಗು ಹಿಡಿದಿತ್ತು, ಕೆಂಪು ತುಕ್ಕು. ಪೊಲೀಸರು ಬರುತ್ತಾರೆ ಎಂದು ಸೀರೆ ಬದಲಾಯಿಸಿಕೊಂಡು ಕೂತೆ. ಸಂಜೆಯಾಯಿತು, ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಇವತ್ತಿನವರೆಗೂ ಯಾರೂ ಬಂದು ಆ ಸೀಲು ಏನಾಯಿತು ಅಂತ ಕೇಳಿಲ್ಲ. ನನ್ನ ಕರುಳು ಸುಡುವುದು ಇದಕ್ಕೇ. ಎರಡು ಏಟು ಸಾಕಿತ್ತು. ದೊಡ್ಡಣ್ಣ ಬರುವ ಮೊದಲೇ, ಆ ಎಂಟು ದಿನದಲ್ಲಿ ಯಾವತ್ತಾದರೂ, ಎರಡು ಏಟು ಸಾಕಿತ್ತು.

ವೈನಿಗೆ ಬಾ ಎಂದು ಬರೆದೆ. ಉತ್ತರದಲ್ಲಿ, ಒಮ್ಮೆ ಬಂದು ಕುಂತ ಮ್ಯಾಲೆ ಏಳೂದು ಸಸಾರ ಅಲ್ಲ, ಅಂತ ಬರೆಸಿದ್ದಳು. ಅಲ್ಲಿ ಅತ್ತಿಗೆಯರು ಅವಳಿಗೆ ಒಲೆಯ ಮುಂದೆ ಜಾಗ ಕೊಡುವುದಿಲ್ಲ, ಅದು ಅವರ ಒಲೆ. ಅವಳ ಕೈಯ ರೊಟ್ಟಿ ಇಡೀ ಊರಿನಲ್ಲಿ ಯಾರೂ ತಿಂದಿಲ್ಲ.

ಈಗ ನಾನಿರುವುದು ಹೈದರಾಬಾದಿನದೇ ಮಣಿಕೊಂಡ ಬಡಾವಣೆಯ ಒಂದು ಫ್ಲಾಟಿನಲ್ಲಿ. ತವೆ ನನ್ನ ಹತ್ತಿರವೇ ಇದೆ, ಉಜ್ಜಿ ಎಣ್ಣೆ ಹಚ್ಚಿಟ್ಟಿದ್ದೇನೆ. ಪ್ರತಿ ಪಂಚಮಿಗೆ ಅದನ್ನು ಒಲೆಯ ಮೇಲೆ ಇಟ್ಟು ರೊಟ್ಟಿ ಬಡಿಯುತ್ತೇನೆ. ನಾಗಪ್ಪನಿಗೆ ಸಿಟ್ಟು ಬಂದರೆ ಬರಲಿ, ಲೈಸೆನ್ಸ್ ಆಫೀಸಿನ ದಾರಿ ನಾನೇ ತೋರಿಸುತ್ತೇನೆ. ವೈನಿ ಮಾತ್ರ ಇವತ್ತಿಗೂ ಅಣ್ಣಂದಿರಿಗಾಗಿ ಆ ದಿನ ತವೆ ಮುಟ್ಟುವುದಿಲ್ಲ. ಸಂಜೆ ಫೋನು ಮಾಡುತ್ತಾಳೆ.

"ಈ ವರ್ಷಾನೂ ತವೆ ಇಟ್ಟೀಯೇನು?" ಅಂತ ಕೇಳುತ್ತಾಳೆ.

"ಇಟ್ಟೀನಿ."

ಮೊದಲೆಲ್ಲ ಇಷ್ಟಕ್ಕೇ ಬಯ್ಯುತ್ತಿದ್ದಳು. ಹೋದ ವರ್ಷ ಬಯ್ಯಲಿಲ್ಲ. ಆ ಕಡೆಯಿಂದ ಯಾರೋ ಪಾತ್ರೆ ಎತ್ತಿಡುವ ಸದ್ದು ಕೇಳಿಸಿತು. ಅದು ನಿಂತ ಮೇಲೆ, ಪಕ್ಕದವರಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಅಂದಳು:

"ಒಂದು ನನ್ನ ಹೆಸರ್ಲೆ ಬಡಿ."